ಕಟ್ಟುತ್ತಾರೆ, ಆದರೆ ಯಾವಾಗ ಅನ್ನೋದು ಅವರ ಕೈಯಲ್ಲಿ

ನಿಮ್ಮ ಪ್ರಶ್ನೆ ಇಷ್ಟು: ಪುಣೆಯ ಹಿಂಜವಡಿಯಲ್ಲಿ ಕೆಲಸ, ತೆರಿಗೆ (ಟಿಡಿಎಸ್) ಕತ್ತರಿಸಿಕೊಂಡೇ ಸಂಬಳ ಕೈಗೆ ಬರುತ್ತದೆ. ಕೋಟಿಗಟ್ಟಲೆ ಇರುವವರು ತಮ್ಮ ಪಾಲು ಕಟ್ಟುತ್ತಾರಾ, ಇಲ್ಲ ನಾವೇ ಎಲ್ಲರ ಪಾಲೂ ಹೊರುತ್ತಿದ್ದೇವಾ? ಕಂಪನಿ ಬಿಟ್ಟು ಕನ್ಸಲ್ಟೆಂಟ್ ಆದರೆ ಏನಾದರೂ ಉಳಿಯುತ್ತದಾ ಅಂತಲೂ ಕೇಳಿದ್ದೀರಿ.

ನಾನು ಮುಂಬೈಯ ಫೋರ್ಟ್‌ನಲ್ಲಿ ಒಬ್ಬ ಸಿಎ ಹತ್ತಿರ ಕೆಲಸಕ್ಕಿದ್ದೇನೆ. ನಮ್ಮ ಕ್ಲೈಂಟುಗಳಲ್ಲಿ ಹೋಟೆಲಿನವರು ಜಾಸ್ತಿ, ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. ಸೇಠ್, ಅಂದರೆ ಹೋಟೆಲ್ ಮಾಲೀಕರ, ರಿಟರ್ನೂ ನಾವೇ ತುಂಬುತ್ತೇವೆ, ಅವರ ಮ್ಯಾನೇಜರ್ ರಿಟರ್ನೂ ನಾವೇ ತುಂಬುತ್ತೇವೆ. ನಾನು ಕಂಡ ಮಟ್ಟಿಗೆ ದುಡ್ಡಿದ್ದವರು ಕಾನೂನು ಕೇಳಿದಷ್ಟು ಕಟ್ಟುತ್ತಾರೆ. ಆದರೆ ಆದಾಯವನ್ನು ಯಾವ ವರ್ಷ ತೋರಿಸಬೇಕು, ಯಾರ ಹೆಸರಲ್ಲಿ, ಯಾವ ರೂಪದಲ್ಲಿ ಅನ್ನೋದನ್ನು ಅವರು ಕೂತು ಯೋಚಿಸಬಹುದು. ನಿಮಗೆ ಆ ಅವಕಾಶವೇ ಇಲ್ಲ. ಸಂಬಳ, ಕತ್ತರಿಸಿದ ತೆರಿಗೆ ಎರಡನ್ನೂ ಬರೆದು ಕಂಪನಿ ಕೊಡುವ ಫಾರ್ಮ್ 16 ಬಂತು ಅಂದರೆ ನಿಮ್ಮ ಕಥೆ ಮುಗಿಯಿತು. ನನ್ನ ತಕರಾರು ಈ ವ್ಯತ್ಯಾಸದ ಮೇಲೆ.

ಲೆಕ್ಕ ಹಾಕಿಯೇ ನೋಡೋಣ. 2025-26ರ ಆದಾಯ ತೆರಿಗೆಯ ಹೊಸ ಪದ್ಧತಿಯ (ದರ ಕಡಿಮೆ, ವಿನಾಯಿತಿಯೂ ಕಡಿಮೆ) ದರ ತಗೊಳ್ಳಿ. ಒಬ್ಬರಿಗೆ ಎಲ್ಲಾ ಕಳೆದು ತೆರಿಗೆ ಬೀಳುವ ಸಂಬಳ 1 ಕೋಟಿ. 24 ಲಕ್ಷ ದಾಟಿದ್ದಕ್ಕೆಲ್ಲ 30%, ಆದಾಯ 50 ಲಕ್ಷ ದಾಟಿದ್ದರಿಂದ ಆ ತೆರಿಗೆಯ ಮೇಲೆ 10% ಸರ್ಚಾರ್ಜ್, ಅವೆರಡರ ಮೇಲೆ 4% ಸೆಸ್. ಒಟ್ಟು ಸುಮಾರು 29.5 ಲಕ್ಷ ಹೋಯಿತು. ಇನ್ನೊಬ್ಬರಿಗೆ ಸಂಬಳ ಅಂತ ಏನೂ ಇಲ್ಲ. ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದ ಷೇರು ಮಾರಿ ಅದೇ 1 ಕೋಟಿ ಲಾಭ ಮಾಡಿದರು. ಮೊದಲ 1.25 ಲಕ್ಷಕ್ಕೆ ತೆರಿಗೆ ಇಲ್ಲ, ಬೇರೆ ಆದಾಯ ಇಲ್ಲದ್ದರಿಂದ 4 ಲಕ್ಷದ ವಿನಾಯಿತಿಯೂ ಸಿಕ್ಕಿತು, ಉಳಿದದ್ದಕ್ಕೆ 12.5%. ಸರ್ಚಾರ್ಜ್, ಸೆಸ್ ಎಲ್ಲಾ ಸೇರಿಸಿದರೂ ಸುಮಾರು 13.5 ಲಕ್ಷ. ಅರ್ಧಕ್ಕಿಂತ ಕಡಿಮೆ ಅಲ್ವಾ?

ಇದಕ್ಕೆ ಒಂದು ಉತ್ತರ ಇದೆ, ಅದನ್ನು ಮುಚ್ಚಿಡಬಾರದು. ಷೇರಿನ ಹಿಂದಿರುವ ಕಂಪನಿ ಮೊದಲೇ ತನ್ನ ಲಾಭದ ಮೇಲೆ ತೆರಿಗೆ ಕಟ್ಟಿರುತ್ತದೆ. ಹಾಗಾಗಿ 12.5% ಅನ್ನೋದು ಎರಡನೇ ಸುತ್ತಿನ ತೆರಿಗೆ ಅನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಆ ಮೊದಲ ಸುತ್ತೂ ಇಳಿದಿದೆ. 2019ರ ಸೆಪ್ಟೆಂಬರ್ 20ರಂದು ನಿರ್ಮಲಾ ಸೀತಾರಾಮನ್ ಗೋವಾದಲ್ಲಿ, ಜಿಎಸ್‌ಟಿ ಕೌನ್ಸಿಲ್ ಸಭೆಗೆ ಮುಂಚೆ, ಕಂಪನಿ ತೆರಿಗೆಯನ್ನು 30%ನಿಂದ 22%ಗೆ ಇಳಿಸಿದರು. ಬೇರೆ ವಿನಾಯಿತಿ ಬಿಟ್ಟುಕೊಟ್ಟ ಕಂಪನಿಗಳಿಗೆ ಅದು. ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಖೋತಾ ಅಂತ ಸರ್ಕಾರವೇ ಹೇಳಿತ್ತು. ಆವತ್ತು ಷೇರುಪೇಟೆ ಕುಣಿದಾಡಿತು.

ಇದೆಲ್ಲ ಮಾರಿದರೆ ಮಾತ್ರ. ಮಾರದಿದ್ದರೆ ಸೊನ್ನೆ. ಷೇರು ಹತ್ತು ಪಟ್ಟು ಏರಿದರೂ ಆ ವರ್ಷದ ರಿಟರ್ನಿನಲ್ಲಿ ಅದಕ್ಕೆ ಜಾಗ ಇಲ್ಲ. ದುಡ್ಡು ಬೇಕಾದರೆ ಅದೇ ಷೇರನ್ನು ಬ್ಯಾಂಕಿನಲ್ಲಿಟ್ಟು ಸಾಲ ತಗೊಳ್ಳುತ್ತಾರೆ. ಸಾಲ ಆದಾಯ ಅಲ್ಲ, ಹಾಗಾಗಿ ತೆರಿಗೆಯೂ ಇಲ್ಲ. ಅಮೆರಿಕದ ವಿಡಿಯೋ ನೋಡಿದವರು ಇಲ್ಲೊಂದು ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ ಯಜಮಾನ ಸತ್ತ ದಿನದ ಬೆಲೆಯೇ ಮಕ್ಕಳಿಗೆ ಕೊಂಡ ಬೆಲೆ ಆಗುತ್ತದೆ, ಹಳೇ ಲಾಭ ತೆರಿಗೆ ಇಲ್ಲದೆ ಅಳಿಸಿಹೋಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಅಪ್ಪ ಕೊಂಡ ಬೆಲೆಯೇ ಮಗನಿಗೂ. ಮಗ ಮಾರಿದ ದಿನ ಪೂರ್ತಿ ಲಾಭದ ಲೆಕ್ಕ ಕೊಡಬೇಕು. ಆದರೆ ಮಾರುವ ದಿನ ಯಾವುದು ಅಂತ ಗೊತ್ತುಮಾಡೋದು ಅವನೇ.

ಬಾಡಿಗೆಯದ್ದು ಇನ್ನೂ ತಮಾಷೆ. ಜುಲೈ ತಿಂಗಳಲ್ಲಿ ನಮ್ಮ ಟೇಬಲ್ ಮೇಲೆ ಇಂಥ ಫೈಲು ಸಾಲುಗಟ್ಟಿ ಬರುತ್ತವೆ. ಒಬ್ಬರಿಗೆ ಮುಲುಂಡ್, ಠಾಣೆ ಕಡೆ ಅಂಗಡಿ, ಫ್ಲ್ಯಾಟು ಸೇರಿ ವರ್ಷಕ್ಕೆ 20 ಲಕ್ಷ ಬಾಡಿಗೆ ಅಂತಿಟ್ಟುಕೊಳ್ಳಿ. ರಿಪೇರಿ ಖರ್ಚು ಅಂತ ಕಾನೂನೇ 30% ಕಳೆದುಬಿಡುತ್ತದೆ. ಗೋಡೆಗೆ ಒಂದು ಕೋಟ್ ಬಣ್ಣ ಬಳಿಯದಿದ್ದರೂ 6 ಲಕ್ಷ ಹೋಯಿತು, ಬಿಲ್ ಕೇಳೋರಿಲ್ಲ. ಉಳಿದ 14 ಲಕ್ಷಕ್ಕೆ ತೆರಿಗೆ 93,600 ರೂಪಾಯಿ. ಅದೇ 20 ಲಕ್ಷ ಸಂಬಳ ಬಂದವನಿಗೆ ಸಿಗೋದು 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್. ಅವನ ತೆರಿಗೆ 1,92,400. ಲೋಕಲ್ ಟ್ರೇನಿನಲ್ಲಿ ಜೋತುಬಿದ್ದು ದುಡಿದವನಿಗೆ, ಮನೆಯಲ್ಲಿ ಕೂತು ಬಾಡಿಗೆ ಎಣಿಸಿದವನಿಗಿಂತ ಎರಡು ಪಟ್ಟು. ಕಳ್ಳತನ ಇಲ್ಲ, ಸುಳ್ಳು ಬಿಲ್ ಇಲ್ಲ. ಎಲ್ಲಾ ಕ್ರಮಬದ್ಧ!

ಮನೆಮಂದಿಗೆ ಹಂಚೋದು ಹಳೇ ಪದ್ಧತಿ. ಹೆಂಡತಿ ಹೆಸರಿಗೆ ದುಡ್ಡು ಕೊಟ್ಟರೆ ಅದರ ಬಡ್ಡಿ ಮತ್ತೆ ಗಂಡನ ಲೆಕ್ಕಕ್ಕೇ ಸೇರುತ್ತದೆ. ಹದಿನೆಂಟು ದಾಟಿದ ಮಗನಿಗೆ ಕೊಟ್ಟರೆ ಸೇರೋದಿಲ್ಲ. ಅವಿಭಕ್ತ ಕುಟುಂಬ ಅಂತ ಎಚ್‌ಯುಎಫ್ ಮಾಡಿಸಿದರೆ ಇನ್ನೊಂದು ಪ್ಯಾನ್, ಇನ್ನೊಂದು 4 ಲಕ್ಷದ ವಿನಾಯಿತಿ. (12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಮನ್ನಾ ಮಾಡುವ ರಿಬೇಟ್ ಮಾತ್ರ ಅದಕ್ಕೆ ಸಿಗೋದಿಲ್ಲ. ಗೊತ್ತಿಲ್ಲದೆ ಓಡಿಬರುವವರು ತುಂಬಾ ಜನ.) ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟರೆ ಸ್ಟಾಂಪ್ ಡ್ಯೂಟಿ 200 ರೂಪಾಯಿ, ಸೆಸ್ ಬೇರೆ. ಚಾಳಿನ ಖೋಲಿಗೂ 200, ಮಲಬಾರ್ ಹಿಲ್‌ನ ಸಮುದ್ರ ಕಾಣುವ ಫ್ಲ್ಯಾಟಿಗೂ 200.

ಹಾಗಂತ ಸಂಬಳದವರು ಹೇಳೋದನ್ನೆಲ್ಲ ನಾನು ಒಪ್ಪೋದಿಲ್ಲ. 2025-26ರ ಬಜೆಟ್ ಪ್ರಕಾರ ಸರ್ಕಾರಕ್ಕೆ ಬರುವ ಪ್ರತಿ ರೂಪಾಯಿಯಲ್ಲಿ ಆದಾಯ ತೆರಿಗೆ 22 ಪೈಸೆ, ಕಂಪನಿ ತೆರಿಗೆ 17, ಜಿಎಸ್‌ಟಿ ಮತ್ತಿತರ ತೆರಿಗೆ 18. ಆ 22 ಪೈಸೆಯಲ್ಲಿ ದುಡ್ಡಿದ್ದವರು ಕಟ್ಟಿದ್ದೂ ಇದೆ. ಹೊಸ ಪದ್ಧತಿಯಲ್ಲಿ 12.75 ಲಕ್ಷ ಸಂಬಳದವರೆಗೆ ಒಂದು ಪೈಸೆ ಆದಾಯ ತೆರಿಗೆ ಇಲ್ಲ. ನಮ್ಮ ಹೋಟೆಲ್ ಮ್ಯಾನೇಜರುಗಳಲ್ಲಿ ಹೆಚ್ಚಿನವರದ್ದು ಈಗ ಸೊನ್ನೆ ರಿಟರ್ನು. ಗೊಣಗದೆ ಕಟ್ಟುವವನು ಒಬ್ಬನಿದ್ದಾನೆ, ಆ ಹೋಟೆಲಿನ ಕ್ಲೀನರ್ ಹುಡುಗ. ಮೊಬೈಲ್ ರೀಚಾರ್ಜಿಗೆ ಅವನೂ 18% ಜಿಎಸ್‌ಟಿ ಕಟ್ಟುತ್ತಾನೆ, ಸೇಠೂ 18% ಕಟ್ಟುತ್ತಾರೆ. ಸ್ನಾನದ ಸೋಪಿಗೂ 2025ರ ಸೆಪ್ಟೆಂಬರ್ 21ರವರೆಗೆ 18%ಯೇ ಇತ್ತು, ಈಗ 5%. ಅವನಿಗೆ ಪ್ಲಾನಿಂಗ್ ಮಾಡಿಕೊಡುವ ಸಿಎ ಯಾರೂ ಇಲ್ಲ.

ಹಾಗಾದರೆ ಸಂಪತ್ತಿನ ಮೇಲೇ ತೆರಿಗೆ ಹಾಕಿ ಅನ್ನುತ್ತಾರೆ. ಅದನ್ನೂ ಮಾಡಿ ನೋಡಿದ್ದಾಯಿತು. 1957ರಲ್ಲಿ ಬಂದ ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ತೆಗೆದರು. ಕೊನೆಕೊನೆಗೆ ಅದರಿಂದ ವರ್ಷಕ್ಕೆ ಬರುತ್ತಿದ್ದದ್ದು ಸಾವಿರ ಕೋಟಿಯ ಆಸುಪಾಸು. ಷೇರನ್ನು ಹೊರಗಿಟ್ಟು ಚಿನ್ನ, ಕಾರು, ಹೆಚ್ಚುವರಿ ಮನೆ, ನಿವೇಶನಗಳನ್ನು ಹಿಡಿದರೆ ಇನ್ನೇನು ಬಂದೀತು? 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ದರ 97.75% ಇತ್ತು. ಅಷ್ಟು ಕೇಳಿದರೆ ಯಾರೂ ಕೊಡೋದಿಲ್ಲ, ಎರಡನೇ ಲೆಕ್ಕದ ಪುಸ್ತಕ ಬರೆಯುತ್ತಾರೆ.

ನನ್ನನ್ನು ಕೇಳಿದರೆ, ದರ ಏರಿಸೋದಕ್ಕಿಂತ ಮೊದಲು ಬಾಡಿಗೆಯ ಆ 30%ಗೆ ಒಂದು ಮಿತಿ ಹಾಕಲಿ. ಸಂಬಳಕ್ಕೂ ಷೇರು ಲಾಭಕ್ಕೂ ಇರುವ ಅಂತರವನ್ನು ದೊಡ್ಡ ಮೊತ್ತಗಳಲ್ಲಾದರೂ ಕಡಿಮೆ ಮಾಡಲಿ. ಹತ್ತಾರು ಕೋಟಿ ದಾಟಿದ ಪಿತ್ರಾರ್ಜಿತಕ್ಕೆ ಒಂದು ಸಣ್ಣ ತೆರಿಗೆಯೂ ಇರಬೇಕು ಅಂತ ನನ್ನ ಅಭಿಪ್ರಾಯ. 1953ರಿಂದ 1985ರವರೆಗೆ ನಮ್ಮಲ್ಲೂ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ, ಇತ್ತು. ಆಗ ದರ 85%ವರೆಗೆ ಹೋಗಿದ್ದೇ ಅದನ್ನು ಕೆಡಿಸಿತು. ಈಗ ಯಾವ ಪಕ್ಷವೂ ಅದರ ಹತ್ತಿರ ಸುಳಿಯೋದಿಲ್ಲ ಬಿಡಿ. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಆ ಮಾತು ಎದ್ದಾಗ, ಎತ್ತಿದವರ ಪಕ್ಷವೇ ನಮಗೂ ಅದಕ್ಕೂ ಸಂಬಂಧ ಇಲ್ಲ ಅಂದುಬಿಟ್ಟಿತು.

ಇನ್ನು ನಿಮ್ಮ ಕನ್ಸಲ್ಟೆಂಟ್ ಯೋಚನೆ. ತಾಂತ್ರಿಕ ಸಲಹೆಯಂಥ ಕೆಲವು ವೃತ್ತಿಗಳಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ಸವಲತ್ತಿದೆ. ವರ್ಷದ ಬಿಲ್ 50 ಲಕ್ಷದೊಳಗಿದ್ದರೆ, ನಗದು 5% ಮೀರದಿದ್ದರೆ 75 ಲಕ್ಷದೊಳಗಿದ್ದರೆ, ಅರ್ಧವನ್ನೇ ಆದಾಯ ಅಂತ ತೋರಿಸಬಹುದು. ಹೌದು, ತೆರಿಗೆ ಚೆನ್ನಾಗಿ ಉಳಿಯುತ್ತದೆ. ಆದರೆ ಕಂಪನಿ ಕಡೆಯ ಪಿಎಫ್, ಗ್ರಾಚ್ಯುಟಿ, ಸಂಬಳದ ರಜೆ, ಇನ್ಶೂರೆನ್ಸ್ ಎಲ್ಲಾ ಹೋಗುತ್ತದೆ. ಬಿಲ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು. ಅದೇ ಕಂಪನಿ, ಅದೇ ಕುರ್ಚಿ, ಅದೇ ಮ್ಯಾನೇಜರ್ ಇಟ್ಟುಕೊಂಡು ಕಾಗದದ ಮೇಲೆ ಮಾತ್ರ ಕನ್ಸಲ್ಟೆಂಟ್ ಆದರೆ, ಇದು ಸಂಬಳವೇ ಅಂತ ಇಲಾಖೆಯವರು ನೋಟಿಸ್ ಕಳಿಸಬಹುದು. ಬೇರೆ ಬೇರೆ ಕಂಪನಿಗಳಿಂದ ಕೆಲಸ ಸಿಗುವ ಹಾಗಿದ್ದರೆ ಯೋಚನೆ ಮಾಡಿ. ಮನೆ ಸಾಲಕ್ಕೆ ಅರ್ಜಿ ಹಾಕುವ ಅಂದಾಜಿದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ. ಸಂಬಳದ ಸ್ಲಿಪ್ ನೋಡಿದಷ್ಟು ಖುಷಿಯಿಂದ ಬ್ಯಾಂಕಿನವರು ಕನ್ಸಲ್ಟೆಂಟ್ ರಿಟರ್ನ್ ನೋಡೋದಿಲ್ಲ.