ಆಟ, ಓದು, ಸೇವೆ: ಯಾವುದನ್ನು ಬಿಡು ಅನ್ನಲಿ?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಬಯಾಲಜಿ ಡಿಗ್ರಿ ಮಾಡುತ್ತಿದ್ದಾಳೆ, ಈಗ ಮೂರನೇ ವರ್ಷ. ಕಾಲೇಜಿನ ಸಾಕರ್ (ಫುಟ್‌ಬಾಲ್) ಟೀಮಿನಲ್ಲಿದ್ದಾಳೆ, ಡಿವಿಷನ್ 1 ಅಂತೆ, ಅಂದರೆ ಕಾಲೇಜು ಆಟದಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ. ಈ ಸಲ ಅವಳನ್ನೇ ಕ್ಯಾಪ್ಟನ್ ಮಾಡಿದ್ದಾರೆ. ಸಾಲದ್ದಕ್ಕೆ ಪ್ರತಿ ಭಾನುವಾರ ವಲಸೆ ಬಂದವರ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಾಳೆ. ಫೋನ್ ಮಾಡಿದಾಗೆಲ್ಲ ಬಸ್ಸಿನಲ್ಲೇ ಇರುತ್ತಾಳೆ. ಮಾರ್ಕ್ಸ್ ಬಿದ್ದರೆ ಏನು ಗತಿ? ಒಂದನ್ನು ಬಿಡು ಅನ್ನಲೇ? ಈ ಮೂರಕ್ಕೂ ಸೇರಿ ಯಾವುದೋ ಪ್ರಶಸ್ತಿ ಇದೆಯಂತೆ, ಅದೇನು?
— ಒಬ್ಬ ತಾಯಿ

ಉತ್ತರ: ಸದ್ಯಕ್ಕೆ ಏನನ್ನೂ ಬಿಡಿಸಬೇಡಿ. ಅಲ್ಲಿ ಓದು ಮೂಲೆಗೆ ಹಾಕಿ ಬರೀ ಆಡಿಕೊಂಡಿರಲು ಆಗುವುದಿಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ನಿಯಮದಂತೆ ಡಿವಿಷನ್ 1ರಲ್ಲಿ ಆಡುವವರು ಎರಡನೇ ವರ್ಷ ಮುಗಿಯುವ ಹೊತ್ತಿಗೆ ಡಿಗ್ರಿಯ ಶೇ. 40, ಮೂರನೇ ವರ್ಷಕ್ಕೆ ಶೇ. 60, ನಾಲ್ಕಕ್ಕೆ ಶೇ. 80ರಷ್ಟು ಓದು ಮುಗಿಸಿರಬೇಕು. ಇಲ್ಲದಿದ್ದರೆ ಮೈದಾನಕ್ಕೆ ಇಳಿಯುವ ಹಾಗಿಲ್ಲ. ನಿಮ್ಮ ಮಗಳು ಆಡುತ್ತಿದ್ದಾಳೆ ಅಂದರೆ ಇಲ್ಲಿಯವರೆಗೆ ಓದು ಹಳಿ ತಪ್ಪಿಲ್ಲ.

ಆದರೂ ನಿಮ್ಮ ಆತಂಕ ಸುಮ್ನೆ ಅಲ್ಲ. ಸೀಸನ್‌ನಲ್ಲಿ ಪ್ರಾಕ್ಟೀಸು, ಮ್ಯಾಚು ಎಲ್ಲ ಸೇರಿ ವಾರಕ್ಕೆ 20 ಗಂಟೆ ಮೀರಬಾರದು, ವಾರದಲ್ಲಿ ಒಂದು ದಿನ ರಜೆ ಕೊಡಬೇಕು ಅಂತ ನಿಯಮವೇನೋ ಇದೆ. ಆದರೆ ಮ್ಯಾಚಿನ ಇಡೀ ದಿನಕ್ಕೆ 3 ಗಂಟೆ ಅಂತಷ್ಟೇ ಬರೆದುಕೊಳ್ಳುತ್ತಾರೆ, ಬಸ್ಸಿನಲ್ಲಿ ಕಳೆಯುವ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ನೀವು ಫೋನಿನಲ್ಲಿ ಕೇಳುವ ಆ ಬಸ್ಸಿನ ಸದ್ದೇ ಅವಳ ನಿಜವಾದ ಹೊರೆ. ಅದರಲ್ಲೂ ಬಯಾಲಜಿಯಲ್ಲಿ ಲ್ಯಾಬ್ ಜಾಸ್ತಿ. ಕ್ಲಾಸ್ ತಪ್ಪಿದರೆ ಯಾರದ್ದೋ ನೋಟ್ಸ್ ಓದಬಹುದು, ಲ್ಯಾಬ್ ತಪ್ಪಿದರೆ ಏನು ಮಾಡುವುದು? ಸಾಕರ್ ಸೀಸನ್ ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ. ಹಾಗಾಗಿ ಕಷ್ಟದ ಲ್ಯಾಬ್ ವಿಷಯಗಳನ್ನು ಆದಷ್ಟೂ ಜನವರಿ ನಂತರದ ಸೆಮಿಸ್ಟರ್‌ಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅಕಾಡೆಮಿಕ್ ಅಡ್ವೈಸರ್ ಹತ್ತಿರ ಕೂತು ಇದನ್ನು ಮೊದಲೇ ಪ್ಲಾನ್ ಮಾಡಿದ್ದಾಳಾ ಅಂತ ಕೇಳಿ. ಬಿಡು ಅನ್ನುವುದಕ್ಕಿಂತ ಈ ಪ್ರಶ್ನೆ ಅವಳಿಗೆ ಹೆಚ್ಚು ಸಹಾಯವಾಗುತ್ತದೆ.

ಕ್ಯಾಪ್ಟನ್ ಆದವರಿಗೆ ಇನ್ನೊಂದು ಕಷ್ಟ ಇದೆ. ಗಾಯ ಮಾಡಿಕೊಂಡು ಬೆಂಚಿನಲ್ಲಿ ಕೂತವಳು, ಕೋಚ್ ಆಡಿಸಲಿಲ್ಲ ಅಂತ ಅಳುವವಳು, ಮನೆ ನೆನಪಾಗಿ ಊಟ ಬಿಟ್ಟ ಹೊಸ ಹುಡುಗಿ, ಎಲ್ಲರೂ ಬಂದು ಬಾಗಿಲು ತಟ್ಟುವುದು ಇವಳದ್ದೇ. ತಾಳ್ಮೆಯಿಂದ ಕೇಳುವುದು ದೊಡ್ಡ ಗುಣ, ನಿಜ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಈ ಕೆಲಸವನ್ನು ಇನ್ನೊಬ್ಬ ಸೀನಿಯರ್‌ಗೆ ವಹಿಸುವುದನ್ನೂ ಅವಳು ಕಲಿಯಬೇಕು. ಭಾನುವಾರದ ಪಾಠಕ್ಕೂ ಅಷ್ಟೇ, ಟೀಮಿನವರು ಸರದಿ ಹಾಕಿಕೊಂಡು ಹೋಗಬಹುದಲ್ವಾ? ತಾನಿಲ್ಲದ ವಾರವೂ ಪಾಠ ನಡೆಯುವ ಹಾಗೆ ಮಾಡಿದರೆ ನನ್ನ ಪ್ರಕಾರ ಅದೇ ಒಳ್ಳೆಯ ನಾಯಕತ್ವ. ಕಾಯುವ ಮಕ್ಕಳಿಗೆ ಹೇಳದೇ ತಪ್ಪಿಸುವುದು ಮಾತ್ರ ಬೇಡ.

ಒಂದು ಎಚ್ಚರಿಕೆ. ಅವಳು ಎಫ್-1 ವೀಸಾದಲ್ಲಿದ್ದರೆ (ವಿದ್ಯಾರ್ಥಿಗಳಿಗೆ ಕೊಡುವ ವೀಸಾ) ಕ್ಯಾಂಪಸ್‌ನಿಂದ ಹೊರಗೆ ಅನುಮತಿ ಇಲ್ಲದೆ ದುಡ್ಡು ತೆಗೆದುಕೊಂಡು ಪಾಠ ಅಥವಾ ಕೋಚಿಂಗ್ ಮಾಡುವ ಹಾಗಿಲ್ಲ. ಯಾರಾದರೂ ಪ್ರೀತಿಯಿಂದ ಕೊಟ್ಟರೂ ಮೊದಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಲಿ.

ನೀವು ಕೇಳಿದ್ದು ಸೀನಿಯರ್ ಕ್ಲಾಸ್ ಅವಾರ್ಡ್ ಇರಬೇಕು. ಸಮಾಜಸೇವೆ, ಓದು, ನಡತೆ, ಆಟ ನಾಲ್ಕನ್ನೂ ನೋಡಿ ಕೊನೇ ವರ್ಷದವರಿಗೆ ಕೊಡುತ್ತಾರೆ. ಹಾಗಾಗಿ ಮುಂದಿನ ವರ್ಷದ ಮಾತು. ಮೊದಲು ಎಲೈಟ್ 90 ಅನ್ನುತ್ತಿದ್ದ, ಈಗ ಎಲೈಟ್ ಸ್ಕಾಲರ್-ಅಥ್ಲೀಟ್ ಅವಾರ್ಡ್ ಅನ್ನುವ ಇನ್ನೊಂದಿದೆ, ಎನ್‌ಸಿಎಎ ಚಾಂಪಿಯನ್‌ಶಿಪ್‌ನ ಅಂತಿಮ ಹಂತಕ್ಕೆ ಬಂದ ಆಟಗಾರರಲ್ಲಿ ಅತಿ ಹೆಚ್ಚು ಜಿಪಿಎ (ಓದಿನ ಸರಾಸರಿ ಅಂಕ) ಇರುವವರಿಗೆ. ಪ್ರಶಸ್ತಿ ಬಂದರೆ ಸಂತೋಷ. ಅದಕ್ಕಾಗಿ ಭಾನುವಾರಗಳನ್ನು ಲೆಕ್ಕ ಹಾಕುವುದು ಬೇಡ.

ಪ್ರಶ್ನೆ: ನನ್ನ ತಮ್ಮ ಚೆನ್ನಾಗಿ ಓದುತ್ತಾನೆ, ಸಮಾಜಸೇವೆಯನ್ನೂ ಮಾಡುತ್ತಾನೆ, ಸಾಕರ್‌ನಲ್ಲಿ ಮಾತ್ರ ಸಾಧಾರಣ. ಅಮೆರಿಕದ ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಸಿಗುತ್ತದಾ?

ಉತ್ತರ: ಇಲ್ಲ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಇಲ್ಲ. ಆದರೆ ಓದು ನೋಡಿ ಅಥವಾ ಮನೆಯ ಆದಾಯ ನೋಡಿ ಫೀಸಿಗೆ ನೆರವು ಕೊಡುವ ಡಿವಿಷನ್ 3 ಕಾಲೇಜುಗಳು ಸುಮಾರಿವೆ. ಅರ್ಜಿಯಲ್ಲಿ ಅವನ ಸೇವೆಯ ಬಗ್ಗೆ ಬಿಡಿಸಿ ಬರೆಯಲಿ, ಕೋಚ್‌ಗೂ ಒಂದು ಮೇಲ್ ಹಾಕಲಿ.