ಮನೆಯಲ್ಲಿ ಮಾಡಿದ ಪಿಸಿಬಿಯಲ್ಲಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನಲ್ಲಿ) ತೂತು ನೆಟ್ಟಗೆ ಬೀಳಲು ಏನು ಮಾಡಬೇಕು?

ಎಷ್ಟು ಹುಷಾರಾಗಿ ಹಿಡಿದರೂ ಡ್ರಿಲ್ ಬಿಟ್ ಪ್ಯಾಡಿನಿಂದ (ಕಾಲು ಬೆಸೆಯುವ ತಾಮ್ರದ ಬಿಲ್ಲೆಯಿಂದ) ಜಾರುತ್ತದೆ, 16 ಕಾಲಿನ ಐಸಿ ಬೇಸ್ (ಚಿಪ್ ಕೂರಿಸುವ ಸಾಕೆಟ್) ಕೂರುವುದೇ ಇಲ್ಲ ಎಂದಿದ್ದೀರಿ. ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ನುಣ್ಣನೆಯ ತಾಮ್ರದ ಮೇಲೆ ಯಾರ ಬಿಟ್ ಆದರೂ ಜಾರುತ್ತದೆ.

ಇದಕ್ಕೆ ಮದ್ದು ಡ್ರಿಲ್‌ನಲ್ಲಿಲ್ಲ, ತಾಮ್ರದ ಮೇಲೆ ಟೋನರ್‌ನಲ್ಲಿ ಇಳಿಸುವ ಸರ್ಕ್ಯೂಟಿನ ಪ್ರಿಂಟ್‌ನಲ್ಲಿದೆ. ಪ್ಯಾಡಿನ ನಟ್ಟನಡುವೆ 0.4 ಮಿ.ಮೀ. ಅಗಲದ ಖಾಲಿ ಚುಕ್ಕಿ ಬಿಡಿ. ಬೋರ್ಡಿನ ನಕ್ಷೆ ಬರೆಯಲು ಕೈಕ್ಯಾಡ್ ಸಾಫ್ಟ್‌ವೇರ್ ಬಳಸುವುದಾದರೆ ಪ್ಲಾಟ್ ಮಾಡುವಾಗ 'ಡ್ರಿಲ್ ಮಾರ್ಕ್ಸ್' ಎಂಬಲ್ಲಿ 'ಸ್ಮಾಲ್' ಆರಿಸಿದರೆ ಸಾಕು. ಟೋನರ್ ಇಲ್ಲದ ಆ ಚುಕ್ಕಿಯ ತಾಮ್ರವನ್ನು ಫೆರಿಕ್ ಕ್ಲೋರೈಡ್ ತಿಂದುಹಾಕುತ್ತದೆ. ಉಳಿಯುವ ಗುಳಿಯ ಆಳ ಬರೀ 35 ಮೈಕ್ರಾನ್. ಆದರೂ ಬಿಟ್‌ನ ತುದಿ ತಾನಾಗಿ ಅದರೊಳಗೆ ಕೂರುತ್ತದೆ.

ಬೋರ್ಡ್ ಆಗಲೇ ಎಚ್ ಆಗಿದೆ (ಬೇಡದ ತಾಮ್ರ ಕರಗಿಹೋಗಿದೆ) ಅಲ್ವಾ? ಒಂದು ತುಂಡು ಜೀರೋ ಪಿಸಿಬಿ (ಮೊದಲೇ ಸಾಲು ಸಾಲಾಗಿ ತೂತಿರುವ ಬೋರ್ಡ್) ತಗೊಳ್ಳಿ. ಅದರ ತೂತುಗಳ ನಡುವಿನ ಅಂತರವೂ ಐಸಿ ಕಾಲುಗಳ ಅಂತರವೂ ಒಂದೇ, 2.54 ಮಿ.ಮೀ. ಮೂಲೆಯ ಪ್ಯಾಡುಗಳಿಗೆ ಹೊಂದಿಸಿ ಟೇಪ್ ಅಂಟಿಸಿ, ಒಂದೊಂದು ತೂತಿನಲ್ಲೂ ದಬ್ಬಳದಿಂದ ಒತ್ತಿ ಗುರುತು ಮಾಡಿ.

ಇನ್ನು ಬಿಟ್. ದುಬಾರಿಯದ್ದೇ ಒಳ್ಳೆಯದು ಎಂದುಕೊಂಡು ನಾನು ಕಾರ್ಬೈಡ್ ಬಿಟ್ ತಂದೆ, ಕೈಯಲ್ಲೇ ಡ್ರಿಲ್ ಹಿಡಿದು ಒಂದೇ ಸಂಜೆಗೆ ಮೂರು ಮುರಿದೆ. ಅದು ಗಟ್ಟಿ, ಆದರೆ ಚೂರು ಓರೆಯಾದರೂ ಪಟ್ ಎನ್ನುತ್ತದೆ. ಸ್ಟ್ಯಾಂಡ್ ಇದ್ದರೆ ಮಾತ್ರ ಕಾರ್ಬೈಡ್. ಬರಿಗೈಯಲ್ಲಾದರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಗೊಳ್ಳಿ. ಗ್ಲಾಸ್ ಎಪಾಕ್ಸಿ ಬೋರ್ಡಿನಲ್ಲಿ ಅದು ಬೇಗ ಮೊಂಡಾಗುತ್ತದೆ, ಮೊಂಡಾದದ್ದನ್ನೇ ಒತ್ತಿದರೆ ಪ್ಯಾಡ್ ಎದ್ದು ಬರುತ್ತದೆ. ಕಂದು ಬಣ್ಣದ ಪೇಪರ್ ಫಿನಾಲಿಕ್ ಬೋರ್ಡಿನಲ್ಲಿ ಜಾಸ್ತಿ ದಿನ ಬಾಳುತ್ತದೆ.

ತೂತಿನ ಅಳತೆ: ಐಸಿ, ಸಣ್ಣ ರೆಸಿಸ್ಟರ್‌ಗೆ 0.8 ಮಿ.ಮೀ. ಹೆಡರ್ ಪಿನ್ (ವೈರ್ ಸಿಕ್ಕಿಸುವ ಸಾಲು ಪಿನ್) 0.64 ಮಿ.ಮೀ. ಇದ್ದರೂ ಚೌಕಾಕಾರದ್ದು, ಮೂಲೆಯಿಂದ ಮೂಲೆಗೆ 0.9 ಆಗುತ್ತದೆ. ಅದಕ್ಕೆ 1 ಮಿ.ಮೀ. ಬೇಕು. 1ಎನ್4007 ಡಯೋಡ್‌ಗೂ ಅಷ್ಟೇ.

ಡ್ರಿಲ್ ಓಡಿಸಿ ಬಿಟ್‌ನ ತುದಿ ನೋಡಿ. ಒಂದು ತುದಿ ಎರಡಾಗಿ ಕಂಡರೆ ಬಿಟ್ ಹಿಡಿಯುವ ಚಕ್ ಅಲ್ಲಾಡುತ್ತಿದೆ ಎಂದರ್ಥ. ಬಿಚ್ಚಿ ಮತ್ತೆ ಕೂರಿಸಿ. ಬೋರ್ಡಿನ ಕೆಳಗೆ ಎಂಡಿಎಫ್ ಹಲಗೆಯ ತುಂಡು ಇಡಿ, ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ತೂತಿನ ಅಂಚು ಕಿತ್ತುಬರುತ್ತದೆ. ತಾಮ್ರದ ಕಡೆಯಿಂದಲೇ ಕೊರೆಯಿರಿ.

ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಗ್ಲಾಸ್ ಎಪಾಕ್ಸಿ ಬೋರ್ಡಿನಿಂದ ಉದುರುವ ಬಿಳಿ ಪುಡಿಯಲ್ಲಿ ಗಾಜು ಇರುತ್ತದೆ. ನಾವೆಲ್ಲ ಸುಮ್ನೆ ಉಫ್ ಎಂದು ಊದಿಬಿಡುತ್ತೇವೆ ನೋಡಿ, ಅದನ್ನು ಮಾತ್ರ ಮಾಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.