ಮೈಕೈ ನೋವಿನ ಮಾತ್ರೆಯಿಂದ ಯಕೃತ್ತು ಕೆಡುವುದು ಹೇಗೆ?

ತೊಗರಿ ರಾಶಿಯ ದಿನಗಳಲ್ಲಿ ಮೈಕೈ ನೋವಿಗೆಂದು ಪ್ಯಾರಾಸಿಟಮಾಲ್ ನುಂಗುವ ನಿಮ್ಮ ತಂದೆಯವರ ಯಕೃತ್ತಿಗೆ ಹಾನಿಯಾದೀತೇ ಎಂದು ಕೇಳಿದ್ದೀರಿ. ಹಾನಿ ನಿಂತಿರುವುದು ಪ್ರಮಾಣದ ಮೇಲೆ.

ಮಾತ್ರೆಯ ಬಹುಪಾಲನ್ನು ಯಕೃತ್ತು ನಿರುಪದ್ರವಿಯಾಗಿ ಮಾರ್ಪಡಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಉಳಿದ ಅಲ್ಪಭಾಗವು ಕಿಣ್ವಗಳ ಕ್ರಿಯೆಯಿಂದ ವಿಷವಸ್ತುವಾಗುತ್ತದೆಯಾದರೂ, ಜೀವಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ಕೂಡಲೇ ತಟಸ್ಥಗೊಳಿಸುತ್ತದೆ. ಮಾತ್ರೆ ಮಿತಿಮೀರಿದಾಗ ಈ ಗ್ಲುಟಾಥಯೋನ್ ಬರಿದಾಗಿ, ವಿಷವು ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೊಕಾಂಡ್ರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು, ಶಕ್ತಿಯ ಉತ್ಪಾದನೆ ನಿಂತುಹೋದ ಜೀವಕೋಶಗಳು ಸಾಯತೊಡಗುತ್ತವೆ. 1973ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಲ್ಲಿ ಗ್ಲುಟಾಥಯೋನಿನ ಈ ಪಾತ್ರವನ್ನು ತೋರಿಸಿಕೊಟ್ಟರು. ಅದನ್ನು ಮರಳಿ ತುಂಬುವ ಎನ್-ಅಸಿಟೈಲ್‌ಸಿಸ್ಟೀನ್ ಇಂದಿಗೂ ಪ್ರತ್ಯೌಷಧವಾಗಿದ್ದು, ಮಿತಿಮೀರಿ ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ ಫಲ ನೀಡುತ್ತದೆ.

ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ 8 ಮಾತ್ರೆ. ಉಪವಾಸದಿಂದ ಗ್ಲುಟಾಥಯೋನ್ ತಗ್ಗುತ್ತದೆ, ದೀರ್ಘಕಾಲದ ಕುಡಿತದಿಂದ ವಿಷ ತಯಾರಿಸುವ ಕಿಣ್ವ ಹೆಚ್ಚುತ್ತದೆ. ಅಂಥವರಿಗೆ ಈ ಮಿತಿಯೂ ಅಧಿಕವೇ. ಕಲಬುರಗಿಯಲ್ಲಿ ಔಷಧಿ ಅಂಗಡಿ ನಡೆಸುವ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ನೆಗಡಿಯ ಎಷ್ಟೋ ಮಾತ್ರೆಗಳ ಪಟ್ಟಿಯ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ, ಇದೇ ಪ್ಯಾರಾಸಿಟಮಾಲ್ ಹೆಸರಿರುತ್ತದೆ. ಎರಡನ್ನೂ ನುಂಗಿದವರಿಗೆ ಮೊದಲ ದಿನ ಏನೂ ಅನಿಸದಿರಬಹುದು. ಕಾಮಾಲೆ ಕಾಣಿಸುವುದು ಆಮೇಲೆ.